ಕಳವಳದ ಸಂತೆ

2025ರ ಡಿಸೆಂಬರ್ 12ರಂದು ಥಾಯ್ಲೆಂಡ್ ಮತ್ತು ಕಾಂಬೋಡಿಯ ನಡುವಿನ ಯುದ್ಧ ನಿಂತಿತು. ನಿಂತದ್ದು ವಾಷಿಂಗ್ಟನ್ನಿನಲ್ಲಿ. ಗಡಿಯಲ್ಲಿ ಮಾತ್ರ ನಡೆದೇ ಇತ್ತು.

ಅಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎರಡೂ ದೇಶಗಳ ಪ್ರಧಾನಿಗಳಿಗೆ ಫೋನ್ ಮಾಡಿದರು. ಆ ಸಂಜೆಯಿಂದಲೇ ಗುಂಡು ಹಾರಿಸುವುದನ್ನು ನಿಲ್ಲಿಸಲು ಇಬ್ಬರೂ ಒಪ್ಪಿದ್ದಾರೆ ಎಂದು ತಮ್ಮ ಜಾಲತಾಣದಲ್ಲಿ ಡಂಗುರ ಹೊಡೆಸಿದರು. ಮರುದಿನ ಥಾಯ್ ಯುದ್ಧವಿಮಾನಗಳು ಎಂದಿನಂತೆ ಕೆಲಸಕ್ಕೆ ಹೊರಟವು. ಥಾಯ್ ಪ್ರಧಾನಿ ಅನುಟಿನ್ ಅಂಥ ಕದನವಿರಾಮ ಯಾವುದೂ ಇಲ್ಲ, ಕಾರ್ಯಾಚರಣೆ ಮುಂದುವರಿಯುತ್ತದೆ ಎಂದರು. ಲಗ್ನಪತ್ರಿಕೆ ಊರೆಲ್ಲ ಹಂಚಿಯಾಗಿದೆ, ಗಂಡಿನ ಮನೆಯವರಿಗೆ ಮಾತ್ರ ಮದುವೆಯ ಸುದ್ದಿಯೇ ಇಲ್ಲ.

ಆ ಡಂಗುರದಲ್ಲಿ ಇನ್ನೊಂದು ರತ್ನವೂ ಇತ್ತು. ಥಾಯ್ ಸೈನಿಕರು ಸಿಕ್ಕಿಹಾಕಿಕೊಂಡ ರಸ್ತೆಬದಿಯ ಬಾಂಬ್ ಸ್ಫೋಟವು ಒಂದು ಅಪಘಾತವಂತೆ. ಇದು ರಸ್ತೆ ಅಪಘಾತವಂತೂ ಖಂಡಿತ ಅಲ್ಲ ಎಂದು ಅನುಟಿನ್ ವಿವರಿಸಬೇಕಾಯಿತು. ಒಂದು ದೇಶದ ಪ್ರಧಾನಿ ಇನ್ನೊಂದು ದೇಶದ ಅಧ್ಯಕ್ಷನಿಗೆ ನೆಲಬಾಂಬಿಗೂ ಲಾರಿಗೂ ಇರುವ ವ್ಯತ್ಯಾಸ ಹೇಳಿಕೊಡುವ ಕಾಲ ಬಂದಿದೆ. ನಮ್ಮ ಠಾಣೆಯ ಮುಖ್ಯ ಪೇದೆಗೂ ಸ್ಥಳಕ್ಕೆ ಹೋಗದೆ ಪಂಚನಾಮೆ ಬರೆಯಲು ಒಂದಿಷ್ಟು ಅಳುಕಿರುತ್ತದೆ; ಸಾಕ್ಷಿಗೆ ಇಬ್ಬರನ್ನಾದರೂ ಟೀ ಅಂಗಡಿಯಿಂದ ಎಳೆದು ತರುತ್ತಾನೆ.

ಎಲ್ಲ ಬದುವಿನ ಜಗಳಗಳ ಹಾಗೆ ಇದರ ಬೇರೂ ಸರ್ವೆಯವನ ಪೆನ್ಸಿಲಿನಲ್ಲಿದೆ. ಸಯಾಮಿಗೂ, ಅಂದರೆ ಇಂದಿನ ಥಾಯ್ಲೆಂಡಿಗೂ, ಕಾಂಬೋಡಿಯವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಫ್ರೆಂಚರಿಗೂ 1904ರಲ್ಲಿ ಒಪ್ಪಂದವಾಯಿತು. ದಂಗ್ರೆಕ್ ಬೆಟ್ಟಸಾಲಿನಲ್ಲಿ ಮಳೆನೀರು ಎರಡು ಕಡೆಗೆ ಒಡೆಯುವ ಏಣೇ ಗಡಿ ಎಂದು ಬರೆದುಕೊಂಡರು. ಸರಳವಾದ ಮಾತು, ಮಳೆಗಾಲದಲ್ಲಿ ಕೊಡೆ ಹಿಡಿದು ನಿಂತರೆ ತಿಳಿಯುತ್ತದೆ. ಆದರೆ ನಕ್ಷೆ ಬರೆಯುವಷ್ಟು ಅನುಕೂಲ ತಮ್ಮಲ್ಲಿಲ್ಲವೆಂದು ಸಯಾಮಿನವರು ಆ ಕೆಲಸವನ್ನು ಫ್ರೆಂಚ್ ಅಧಿಕಾರಿಗಳಿಗೇ ಒಪ್ಪಿಸಿದರು. ಅವರು ಬರೆದ ನಕ್ಷೆಯಲ್ಲಿ ಬೆಟ್ಟದ ತುದಿಯ ಪ್ರೇಹ್ ವಿಹಾರ್, ಅಂದರೆ ಹಿಂದಿನ ಕಾಂಬೋಡಿಯದ ಖ್ಮೇರ್ ಅರಸರು ಕಟ್ಟಿಸಿದ ಶಿಖರೇಶ್ವರನ ಗುಡಿ, ಕಾಂಬೋಡಿಯದ ಪಾಲಿಗೆ ಬಿತ್ತು. 1908ರಲ್ಲಿ ನಕ್ಷೆ ಕೈಸೇರಿದಾಗ ಸಯಾಮಿನ ಒಳಾಡಳಿತ ಮಂತ್ರಿ ರಾಜಕುಮಾರ ದಮ್ರೋಂಗ್ ಏನು ಮಾಡಿದರು? ಧನ್ಯವಾದ ಹೇಳಿದರು. ಪ್ರಾಂತಾಧಿಕಾರಿಗಳಿಗೆ ಹಂಚಬೇಕು, ಇನ್ನೂ ಹದಿನೈದು ಪ್ರತಿ ಕೊಡಿ ಎಂದರು. ಪಕ್ಕದ ಹೊಲದವನು ತಂದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದವರು ನಮ್ಮ ಕಡೆ ಬೇಕಾದಷ್ಟು ಸಿಗುತ್ತಾರೆ. ಒತ್ತಿದ ಮೇಲೆ ಅದರ ನಕಲನ್ನು ಕೇಳಿ ಪಡೆದು ಊರಿಗೆಲ್ಲ ಹಂಚಿದವರು ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು.

ಆ ಹದಿನೈದು ಪ್ರತಿ ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವು. ಕಾಂಬೋಡಿಯದ ಪರವಾಗಿ ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿ ಡೀನ್ ಅಚೆಸನ್, ಥಾಯ್ಲೆಂಡ್ ಪರವಾಗಿ ಬ್ರಿಟನ್ನಿನ ಮಾಜಿ ಅಟಾರ್ನಿ ಜನರಲ್ ಫ್ರಾಂಕ್ ಸೋಸ್ಕಿಸ್ ನಿಂತರು; ಗುಡಿ ಏಷ್ಯದ್ದು, ನಕ್ಷೆ ಪ್ಯಾರಿಸ್ಸಿನದು, ವಕೀಲರು ಪಶ್ಚಿಮದವರು. 1962ರಲ್ಲಿ 9–3ರ ಬಹುಮತದಿಂದ ಗುಡಿ ಕಾಂಬೋಡಿಯದ್ದೆಂದು ತೀರ್ಪಾಯಿತು. ಥಾಯ್ ಸೈನಿಕರು ಗುಡಿ ಬಿಟ್ಟು ಹೊರಡಬೇಕಾಯಿತು. ಬಾವುಟ ಇಳಿಸಿದರೆ ಮಾನ ಹೋಗುತ್ತದಲ್ಲ! ಹಾಗಾಗಿ ಕಂಬವನ್ನೇ ಬುಡಸಮೇತ ಕಿತ್ತು, ಬಾವುಟ ಹಾರುತ್ತಿರುವ ಹಾಗೆಯೇ ಹೊತ್ತುಕೊಂಡು ಹೋಗಿ ತಮ್ಮ ಕಡೆಯ ಬಂಡೆಯಂಚಿನಲ್ಲಿ ನೆಟ್ಟರು. ಈ ಒಂದು ಶತಮಾನದ ವ್ಯಾಜ್ಯದಲ್ಲಿ ಯಾರ ರಕ್ತವೂ ಬೀಳದೆ, ಯಾರ ಮಾನವೂ ಹೋಗದೆ ನಡೆದ ಏಕೈಕ ಕಾರ್ಯಾಚರಣೆ ಅದೇ ಎಂದು ನನಗೆ ಅನಿಸುತ್ತದೆ. ಗುಡಿಯ ಸುತ್ತಲಿನ ನೆಲ ಯಾರದು ಎಂಬ ಜಗಳದಲ್ಲಿ 2011ರಲ್ಲಿ ಮತ್ತೆ ಗುಂಡು ಹಾರಿ, ಅರ್ಥ ಬಿಡಿಸಿ ಹೇಳಲು ಅದೇ ನ್ಯಾಯಾಲಯ 2013ರಲ್ಲಿ ಮತ್ತೆ ಕೂರಬೇಕಾಯಿತು. ಗಡಿಯ ಉಳಿದ ಗುಡಿಗಳ ವಿಚಾರ ಉಳಿದೇ ಇದೆ.

2025ರಲ್ಲಿ ಕಿಡಿ ಹೊತ್ತಿದ್ದು ಮೇ 28ರಂದು, ಒಬ್ಬ ಕಾಂಬೋಡಿಯ ಸೈನಿಕನ ಸಾವಿನಿಂದ. ಅದನ್ನು ತಣ್ಣಗೆ ಮಾಡಲು ಆಗಿನ ಥಾಯ್ ಪ್ರಧಾನಿ ಪೇಟೊಂಗ್‌ಟಾರ್ನ್ ಶಿನವಾತ್ರ ಜೂನ್‌ನಲ್ಲಿ ಕಾಂಬೋಡಿಯದ ಹಿರಿಯ ನಾಯಕ ಹುನ್ ಸೆನ್ ಅವರೊಂದಿಗೆ ಫೋನಿನಲ್ಲಿ ಮಾತಾಡಿದರು. ಅಪ್ಪನ ಹಳೆಯ ಸ್ನೇಹಿತ. ಚಿಕ್ಕಪ್ಪ ಎಂದೇ ಕರೆದರು. ಮಾತಿನ ನಡುವೆ ತಮ್ಮದೇ ಸೇನೆಯ ಕಮಾಂಡರೊಬ್ಬರನ್ನು ಎದುರು ಪಕ್ಷದವರೆಂದು ದೂರಿದರು. ಚಿಕ್ಕಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಧ್ವನಿಮುದ್ರಣವನ್ನು ಸುಮಾರು 80 ಜನರಿಗೆ ಕಳಿಸಿದರು. ಅದು ಸೋರಿಕೆಯಾದಾಗ ಪೂರ್ತಿ ಕೇಳಿಕೊಳ್ಳಿ ಎಂದು 17 ನಿಮಿಷದ್ದನ್ನೂ ತಾವೇ ಫೇಸ್‌ಬುಕ್ಕಿಗೆ ಹಾಕಿದರು. ಆಗಸ್ಟ್ ಕೊನೆಗೆ ಥಾಯ್ ಸಂವಿಧಾನ ನ್ಯಾಯಾಲಯ ಮಗಳನ್ನು ಪ್ರಧಾನಿ ಪಟ್ಟದಿಂದ ಇಳಿಸಿತು. ನೆರೆಹೊರೆಯ ದೇಶಗಳ ನಡುವೆ ನೇರ ಸಂಪರ್ಕ ಇರಬೇಕೆಂದು ತಜ್ಞರು ಹೇಳುತ್ತಲೇ ಇರುತ್ತಾರೆ. ಇದಕ್ಕಿಂತ ನೇರವಾದದ್ದು ಬೇಕೇ?

ಜುಲೈ 24ರಂದು ಫಿರಂಗಿಗಳು ಮಾತಾಡತೊಡಗಿದವು. ಥಾಯ್ಲೆಂಡಿನ ಸಿಸಾಕೇಟ್ ಪ್ರಾಂತ್ಯದಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯೊಂದರ ಮೇಲೆ ರಾಕೆಟ್ ಬಿತ್ತು. ಒಳಗಿದ್ದವರು ತಿಂಡಿ, ತಂಪು ಪಾನೀಯ ಕೊಳ್ಳಲು ಬಂದವರು. ಸತ್ತವರಲ್ಲಿ ಮಕ್ಕಳೂ ಇದ್ದರು. ಗಡಿಯ ಹಳ್ಳಿಗಳವರು ಚರಂಡಿಗೆ ಹಾಕುವ ಸಿಮೆಂಟ್ ಕೊಳವೆಗಳೊಳಗೆ ಮಂಡಿ ಮಡಿಸಿ ಕುಳಿತರು. ಎರಡೂ ಕಡೆ ಸೇರಿ ಲಕ್ಷಗಟ್ಟಲೆ ಜನ ಮನೆ ಬಿಟ್ಟರು.

ಜಗತ್ತು ಸುಮ್ಮನಿರಲಿಲ್ಲ. ಕಳವಳ ವ್ಯಕ್ತಪಡಿಸಿತು.

ಕಳವಳದಲ್ಲಿ ದರ್ಜೆಗಳಿವೆ: ಬರೀ ಕಳವಳ, ಆಳವಾದ ಕಳವಳ, ತೀವ್ರ ಕಳವಳ. ಬೆಳೆವಿಮೆಯವರು ಮಳೆಯನ್ನು ಅಳೆಯುವ ಹಾಗೆ ಇದನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆದೇ ಕೊಡುತ್ತಾರೆಂದು ಕಾಣುತ್ತದೆ. ಅದರ ಬೆನ್ನಿಗೇ 'ಉಭಯ ಪಕ್ಷಗಳೂ ಸಂಯಮ ತೋರಬೇಕು' ಎಂಬ ಸಾಲು. ಹೊಡೆದವನೂ ಸಂಯಮ ತೋರಬೇಕು, ಏಟು ತಿಂದವನೂ ತೋರಬೇಕು, ಕೊಳವೆಯೊಳಗೆ ಕುಳಿತ ಅಜ್ಜಿಯೂ ಆದಷ್ಟು ತೋರಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಎರಡೂ ಮನೆಗೆ ಒಂದಿಷ್ಟು ಬೆಳಕಾದರೂ ಬೀಳುತ್ತದೆ. ಇವರು ಇಟ್ಟ ದೀಪಕ್ಕೆ ಎಣ್ಣೆಯೂ ಇರಲಿಲ್ಲ. ಬ್ರಸೆಲ್ಸ್, ಬೀಜಿಂಗ್, ಟೋಕಿಯೊ, ಎಲ್ಲ ಕಡೆಯಿಂದ ಬಂದ ಹೇಳಿಕೆಗಳನ್ನು ಓದುತ್ತ ಹೋದರೆ ನಮ್ಮ ಪೇಟೆಯ ಫ್ಲೆಕ್ಸ್ ಅಂಗಡಿ ನೆನಪಾಗುತ್ತದೆ. ಹುಟ್ಟುಹಬ್ಬದ ಬ್ಯಾನರ್ ಅಲ್ಲಿ ಸದಾ ಸಿದ್ಧ. ಮಧ್ಯದ ಫೋಟೊ ಬದಲಿಸಿದರೆ ಆಯಿತು, ಸುತ್ತಲಿನ ಶುಭಕೋರುವವರ ಸಣ್ಣ ಫೋಟೊಗಳನ್ನೂ ಮುಟ್ಟಬೇಕಿಲ್ಲ. ದೆಹಲಿಯೂ ಈ ಬ್ಯಾನರಿನ ಮೂಲೆಯಲ್ಲಿದೆ. ಪ್ರೇಹ್ ವಿಹಾರ್ ಸಂರಕ್ಷಣೆಯ ಅಂತರರಾಷ್ಟ್ರೀಯ ಸಮಿತಿಗೆ ಭಾರತವೂ ಚೀನವೂ ಜೊತೆ ಅಧ್ಯಕ್ಷರು. ಅಲ್ಲಿ ಹಾನಿಯಾದಾಗ ವಿಷಾದ ಎಂಬ ಪದ ನಮ್ಮ ಪಾಲಿಗೆ ಬಂತು. ಕಳವಳಕ್ಕಿಂತ ಅದು ಒಂದು ಕೈ ಮೇಲೋ ಕೆಳಗೋ, ಬಲ್ಲವರು ಹೇಳಬೇಕು.

ಭದ್ರತಾ ಮಂಡಳಿ ಜುಲೈ 25ರಂದು ತುರ್ತಾಗಿ ಸೇರಿತು. ಬಾಗಿಲು ಹಾಕಿಕೊಂಡು ಸೇರಿತು. ಬಾಗಿಲು ತೆರೆದಾಗ ಹೇಳಿಕೆ ಯಾವುದೂ ಹೊರಬರಲಿಲ್ಲ. ಇನ್ನು ಆಗ್ನೇಯ ಏಷ್ಯದ ದೇಶಗಳ ಕೂಟವಾದ ಆಸಿಯಾನ್. ಸದಸ್ಯರ ಜಗಳ ಬಿಡಿಸಲೆಂದೇ 1976ರ ಒಪ್ಪಂದದಲ್ಲಿ ಒಂದು ಉನ್ನತ ಮಂಡಳಿಯನ್ನು ಕಾಣಿಸಿದ್ದಾರೆ. ಅಂದಿನಿಂದ ಇಂದಿನವರೆಗೆ ಅದು ಒಮ್ಮೆಯೂ ಸಭೆ ಸೇರಿಲ್ಲ. ಬಹಳ ಬೆಲೆಬಾಳುವ ಒಡವೆ; ಜಾತ್ರೆಗೂ ಹೊರಗೆ ತೆಗೆಯುವುದಿಲ್ಲ.

ಕಡೆಗೆ ಕೆಲಸಕ್ಕೆ ಬಂದದ್ದು ದರಪಟ್ಟಿ. ಎರಡೂ ದೇಶಗಳ ಮಾಲಿಗೆ ಆಗಸ್ಟ್ 1ರಿಂದ ಶೇ 36 ಸುಂಕ ಎಂದು ಅಮೆರಿಕ ಬರೆದಿಟ್ಟಿತ್ತು. ಬಡಿದಾಡುವವರೊಂದಿಗೆ ವ್ಯಾಪಾರದ ಮಾತಿಲ್ಲ ಎಂದು ಟ್ರಂಪ್ ಹೇಳಿದ್ದೇ ತಡ, ಮಲೇಷ್ಯದ ಪ್ರಧಾನಿ ಅನ್ವರ್ ಇಬ್ರಾಹಿಂ ಅವರ ಚಾವಡಿಯಲ್ಲಿ ಜುಲೈ 28ರಂದು ಎರಡೂ ದೇಶಗಳ ನಾಯಕರು ಕದನವಿರಾಮಕ್ಕೆ ಒಪ್ಪಿ ಕೈ ಕುಲುಕಿದರು. ಮೂರೇ ದಿನಕ್ಕೆ ಸುಂಕ ಶೇ 19ಕ್ಕೆ ಇಳಿಯಿತು. ಇಬ್ಬರಿಗೂ ಒಂದೇ ದರ. ಈ ವಿಷಯದಲ್ಲಿ ಗಡಿ ವಿವಾದವಿಲ್ಲ. ಆಗಸ್ಟ್ ಮೊದಲ ವಾರದಲ್ಲೇ ಕಾಂಬೋಡಿಯದ ಪ್ರಧಾನಿ ಹುನ್ ಮಾನೆಟ್ ಟ್ರಂಪ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಬೇಕೆಂದು ಪತ್ರ ಬರೆದರು. ಶೇ 17ರ ರಿಯಾಯಿತಿಗೆ ಒಂದು ಪತ್ರ ದುಬಾರಿಯೇನಲ್ಲ.

ಗಡಿಯಲ್ಲಿ ಆಗ ಎಂಥ ಶಾಂತಿ ಇತ್ತೆಂದರೆ, ಅಕ್ಟೋಬರ್‌ನಲ್ಲಿ ಕಾಂಬೋಡಿಯ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಗೆ ಒಂದು ದೂರು ಕೊಟ್ಟಿತು: ಥಾಯ್ ಕಡೆಯವರು ರಾತ್ರಿ ಹೊತ್ತು ಧ್ವನಿವರ್ಧಕದಲ್ಲಿ ದೆವ್ವದ ಕೂಗು ಹಾಕುತ್ತಾರೆ, ಹಳ್ಳಿಯವರಿಗೆ ನಿದ್ದೆಯಿಲ್ಲ. ನಗಬಾರದು, ಮಕ್ಕಳು, ವೃದ್ಧರು ಇರುವ ಮನೆಗಳು. ಆದರೂ ಆ ದೂರನ್ನು ಜಿನೀವಾದಲ್ಲಿ ಸ್ವೀಕರಿಸಿ, ಮೊಹರು ಒತ್ತಿ, ಯಾವ ಕಡತಕ್ಕೆ ಸೇರಿಸುವುದೆಂದು ತಲೆ ಕೆರೆದುಕೊಂಡ ಗುಮಾಸ್ತರನ್ನು ನೆನೆದರೆ ನನಗೆ ಕನಿಕರ ಬರುತ್ತದೆ.

ಅದೇ ಅಕ್ಟೋಬರ್ 26ರಂದು ಕೌಲಾಲಂಪುರದಲ್ಲಿ ದೊಡ್ಡ ವೇದಿಕೆ. ಟ್ರಂಪ್ ಮಧ್ಯೆ, ಅನ್ವರ್ ಪಕ್ಕದಲ್ಲಿ, ಎರಡು ತುದಿಗೆ ಇಬ್ಬರು ಪ್ರಧಾನಿಗಳು. ಸಹಿ ಬಿತ್ತು, ಕ್ಯಾಮೆರಾ ಮಿನುಗಿತು. ಟ್ರಂಪ್ ಅದನ್ನು ಶಾಂತಿ ಒಪ್ಪಂದ ಎಂದರು. ಥಾಯ್ ಕಡೆಯವರು ಅಷ್ಟು ದೊಡ್ಡ ಹೆಸರು ಬೇಡ, ಜಂಟಿ ಘೋಷಣೆ ಎನ್ನಿ ಎಂದರು. ಕೂಸಿಗೆ ಇಟ್ಟ ಹೆಸರನ್ನು ತೊಟ್ಟಿಲ ಬಳಿಯೇ ಒಪ್ಪದವರು ಮುಂದೆ ಸಾಕುತ್ತಾರೆಯೇ? ನವೆಂಬರ್ 10ರಂದು ನೆಲಬಾಂಬೊಂದು ಸಿಡಿದು ಥಾಯ್ ಸೈನಿಕರು ಗಾಯಗೊಂಡರು. ಘೋಷಣೆಯನ್ನು ಥಾಯ್ಲೆಂಡ್ ಅಮಾನತಿನಲ್ಲಿಟ್ಟಿತು. ಡಿಸೆಂಬರ್ ಎರಡನೆಯ ವಾರಕ್ಕೆ ಮತ್ತೆ ಫಿರಂಗಿ, ಮತ್ತೆ ಕೊಳವೆ, ಮತ್ತೆ ಕಳವಳ. ಆಮೇಲೆ ನಾನು ಮೊದಲು ಹೇಳಿದ ಆ ಫೋನ್ ಕರೆ. ಟ್ರಂಪ್ ತಾವು ನಿಲ್ಲಿಸಿದ್ದಾಗಿ ಹೇಳಿಕೊಂಡ ಎಂಟು ಯುದ್ಧಗಳ ಪಟ್ಟಿಯಲ್ಲಿ ಇದೂ ಒಂದು. ಎರಡು ಸಲ ನಿಲ್ಲಿಸಿದ್ದನ್ನು ಎರಡು ಎಂದು ಎಣಿಸಿದರೆ ಒಂಬತ್ತಾಗುತ್ತದೆ. ಈ ಲೆಕ್ಕ ಇನ್ನೂ ಅವರ ಗಮನಕ್ಕೆ ಬಂದಂತಿಲ್ಲ.

ಡಿಸೆಂಬರ್ 27ರಂದು ಗಡಿಯ ತಪಾಸಣಾ ಠಾಣೆಯೊಂದರಲ್ಲಿ ಇಬ್ಬರು ರಕ್ಷಣಾ ಮಂತ್ರಿಗಳು ಕುಳಿತು ಮತ್ತೊಂದು ಕಾಗದಕ್ಕೆ ಸಹಿ ಹಾಕಿದರು. ಸೈನ್ಯ ನಿಂತಲ್ಲೇ ನಿಲ್ಲಬೇಕು. 72 ಗಂಟೆ ತಣ್ಣಗಿದ್ದರೆ ಥಾಯ್ ವಶದಲ್ಲಿರುವ 18 ಕಾಂಬೋಡಿಯ ಸೈನಿಕರನ್ನು ಬಿಡಬೇಕು. ವರ್ಷದ ಕೊನೆಯ ದಿನ ಅವರನ್ನು ಬಿಟ್ಟರು.

ಈ ಹದಿನೆಂಟು ಮಂದಿಯ ದಾಖಲೆಯನ್ನು ಒಮ್ಮೆ ನೋಡಬೇಕು. ಅವರು ಸಿಕ್ಕಿಬಿದ್ದದ್ದು ಯುದ್ಧದಲ್ಲಲ್ಲ. ಜುಲೈನ ಕದನವಿರಾಮ ಜಾರಿಗೆ ಬಂದ ಕೆಲವೇ ಗಂಟೆಗಳ ನಂತರ. ಬಿಡುತ್ತೇವೆ ಎಂದು ಜಗತ್ತಿನ ಕ್ಯಾಮೆರಾಗಳ ಮುಂದೆ ಬರೆದುಕೊಟ್ಟದ್ದು ಅಕ್ಟೋಬರ್‌ನ ವೇದಿಕೆಯಲ್ಲಿ. ಮನೆಗೆ ಹೋದದ್ದು ಡಿಸೆಂಬರ್‌ನ ಕಾಗದದ ಮೇಲೆ. ಒಟ್ಟು 155 ದಿನ, ಮೂರು ಒಪ್ಪಂದ. ಗಡಿ ದಾಟಿ ಬಂದವರನ್ನು ದಾರಿಯುದ್ದಕ್ಕೂ ಜನ ಬಾವುಟ ಹಿಡಿದು ಸ್ವಾಗತಿಸಿದರು. ವಿದೇಶಗಳಿಂದ ಸ್ವಾಗತದ ಹೇಳಿಕೆಗಳೂ ಬಂದವು. ಫೋಟೊ ಮಾತ್ರ ಬದಲಾಗಿತ್ತು.