ಹೊಳೆ ಮರಳು: ಅಳೆದು ತೆಗೆಯೋಣವೇ, ಕೈ ಬಿಡೋಣವೇ?

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಿಗೆ ಈ ಪ್ರಶ್ನೆ ಎದುರಾಗೇ ಆಗುತ್ತದೆ. ನನ್ನ ತಲೆಯಲ್ಲೂ ಎರಡು ವಾದ ಜಗಳ ಆಡುತ್ತವೆ. ಎರಡನ್ನೂ ಬರೆದಿದ್ದೇನೆ. ಒಂದು ಸ್ವಲ್ಪ ಉದ್ದವಾಯಿತು, ಇರಲಿ.

ಪರ: ಲೆಕ್ಕ ಇಟ್ಟು ತೆಗೆಯಲಿ

ನಮ್ಮ ಮನೆಗೆ ಮೊದಲ ಲೋಡ್ ಮರಳು ಬಂದ ದಿನ ಮೇಸ್ತ್ರಿ ಒಂದು ಹಿಡಿ ತೆಗೆದು ನೀರಿನ ಬಾಟಲಿಗೆ ಹಾಕಿ ಕುಲುಕಿದರು. ಇಟ್ಟಿಗೆ ಮೇಲೆ ಇಟ್ಟು ಟೀ ಕುಡಿದು ಬಂದರು. ಅಷ್ಟರಲ್ಲಿ ಮರಳು ತಳಕ್ಕೆ ಇಳಿದಿತ್ತು, ಅದರ ಮೇಲೆ ಎರಡು ಬೆರಳು ದಪ್ಪ ಕೆಂಪು ಜೇಡಿ. "ಇದು ಹೊಳೇದಲ್ಲ ಸಾರ್, ಫಿಲ್ಟರ್ ಮರಳು. ಗೋಡೆ ಬಿರುಕು ಬಿಡುತ್ತೆ, ವಾಪಸ್ ಕಳಿಸಿ" ಅಂದರು.

ಫಿಲ್ಟರ್ ಮರಳು ಅಂದರೆ ಹೊಲದ, ಕೆರೆ ಅಂಗಳದ ಮಣ್ಣನ್ನು ಗುಂಡಿಯಲ್ಲಿ ತೊಳೆದು ಉಳಿಸಿಕೊಂಡ ಮರಳು. ಕೋಲಾರ, ಬೆಂಗಳೂರು ಗ್ರಾಮಾಂತರದ ಎಷ್ಟೋ ಹೊಲಗಳು ಹೀಗೇ ಹಾಳಾದವು. ಹೊಳೆಗೆ ಬೀಗ ಹಾಕಿದರೆ ಮನೆ ಕಟ್ಟುವುದೇನೂ ನಿಲ್ಲುವುದಿಲ್ಲ. ಮಣ್ಣು ತೊಳೆಯುವವರಿಗೆ ಲಾಭ, ಅಷ್ಟೇ.

ಎಂ-ಸ್ಯಾಂಡ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದು ಬರುವುದು ಕಲ್ಲು ಒಡೆದು. ಬೆಟ್ಟ ಹೋದರೆ ಹೋಯಿತು. ಹೊಳೆಗೆ ಮಳೆಗಾಲದಲ್ಲಿ ಅಷ್ಟೋ ಇಷ್ಟೋ ಮರಳು ಮತ್ತೆ ಬರುತ್ತದೆ.

ನಿಯಮಗಳೂ ಇವೆ. 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ 3 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ, ಅದಕ್ಕೂ ಮೊದಲೇ ನೀರು ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಕು. ಮಳೆಗಾಲದಲ್ಲಿ ಮುಟ್ಟುವಂತಿಲ್ಲ. ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೊಳೆಪಾತ್ರ ಅಳೆದರೆ ಹೊಸದಾಗಿ ಎಷ್ಟು ಬಂತು ಗೊತ್ತಾಗುತ್ತದೆ. ಬಡ್ಡಿ ಮಾತ್ರ ತಿನ್ನೋಣ, ಅಸಲು ಹೊಳೆಗೇ ಇರಲಿ.

ವಿರೋಧ: ಬಡ್ಡಿ ಎಲ್ಲಿದೆ?

ಮೇಲುಗಡೆ ಅಣೆಕಟ್ಟು ಕಟ್ಟಿ, ಕೆಳಗೆ ಮರಳು ಬರಲಿ ಅಂದರೆ ಹೇಗೆ? ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ಕೆಳಗಿನ ಹೊಳೆಗೆ ಸೇರಬೇಕಾದ ಮರಳೂ ಅದರೊಳಗೇ ಇದೆ.

ಇನ್ನು ಗುಂಡಿ. ತೋಡಿದಲ್ಲೇ ಅದು ಸುಮ್ನೆ ಕೂರುವುದಿಲ್ಲ. ನೀರು ಗುಂಡಿಗೆ ಧುಮುಕುವಾಗ ಅದರ ಮೇಲಂಚು ಕುಸಿಯುತ್ತದೆ, ಕುಸಿತ ಹೊಳೆಯ ಮೇಲ್ಮುಖವಾಗಿ ಸರಿಯುತ್ತಾ ಹೋಗುತ್ತದೆ. ಮರಳನ್ನು ಗುಂಡಿಯಲ್ಲಿ ಬಿಟ್ಟು ಹೊರಟ ನೀರು ಕೆಳಗಡೆ ದಡವನ್ನೇ ಕೊರೆಯುತ್ತದೆ. ಸೇತುವೆಯ ಕಂಬದ ಬುಡವೂ ಹೀಗೇ ಬಯಲಾಗುವುದು. 2018ರ ಜೂನ್‌ನಲ್ಲಿ ಬಂಟ್ವಾಳದ ಹತ್ತಿರ ಫಲ್ಗುಣಿ ಹೊಳೆಯ ಮೂಲರಪಟ್ಣ ಸೇತುವೆ ಕುಸಿದಾಗ ಊರಿನವರು ಬೊಟ್ಟು ಮಾಡಿದ್ದು ಅಕ್ರಮ ಮರಳುಗಾರಿಕೆಯ ಕಡೆಗೇ. ಕಾವೇರಿಯ ಮಹಶೀರ್ ಮೀನಿಗೆ ಮೊಟ್ಟೆ ಇಡಲು ಬೇಕಾಗಿರುವುದೂ ಮರಳಿನ ಜೊತೆಗೇ ಎದ್ದು ಹೋಗುವ ತಳದ ಜಲ್ಲಿಯೇ.

3 ಮೀಟರ್ ಅಂತ ಕಾಗದದಲ್ಲಿದೆ, ಸರಿ. ರಾತ್ರಿ ಎರಡು ಗಂಟೆಗೆ ಹೊಳೆಗಿಳಿದು ಟೇಪು ಹಿಡಿಯುವವರು ಯಾರು? ಒಂದು ಪರ್ಮಿಟ್‌ನಲ್ಲಿ ಮೂರು ಟ್ರಿಪ್ ಹೊಡೆಯುವ ಕತೆ ಯಾವ ಟಿಪ್ಪರ್ ಡ್ರೈವರ್‌ಗೆ ಗೊತ್ತಿಲ್ಲ?

ಬೆಟ್ಟದ ಮಾತು ಮಾತ್ರ ನಿಜ. ಅದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಈ ಊರಿನಲ್ಲಿ ದಿನಾ ಒಂದಲ್ಲ ಒಂದು ಹಳೇ ಮನೆ ಒಡೆಯುತ್ತಾರೆ. ಆ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಬಳಸಲು ಕಾಂಕ್ರೀಟಿನ ಮರಳು-ಜಲ್ಲಿ ಹೇಗಿರಬೇಕು ಅಂತ ಹೇಳುವ ಭಾರತೀಯ ಮಾನಕದಲ್ಲೇ (2016ರ ಐಎಸ್ 383) ಅವಕಾಶ ಇದೆ. ನಾವೋ ಅದನ್ನು ರಾತ್ರೋರಾತ್ರಿ ರಾಜಕಾಲುವೆಗೆ ಸುರಿಯುತ್ತೇವೆ.

ಕನಕಪುರದ ಕಡೆ, ಅರ್ಕಾವತಿ ದಡದಲ್ಲಿ ನಮ್ಮಜ್ಜಿಯ ಊರು. ಬೇಸಿಗೆಯಲ್ಲಿ ಅಜ್ಜಿ ಒಣ ಹೊಳೆಯಲ್ಲಿ ಮೊಣಕೈ ಆಳ ಚಿಲುಮೆ ತೋಡುತ್ತಿದ್ದರು. ಮೊದಲು ಬಂದ ಕದಡು ನೀರನ್ನು ಚೆಂಬಿನಿಂದ ಎತ್ತಿ ಚೆಲ್ಲಿ, ಸೆರಗು ಸಿಕ್ಕಿಸಿಕೊಂಡು ಕಾಯುತ್ತಾ ಕೂರುತ್ತಿದ್ದರು. ಆಮೇಲೆ ಬರುತ್ತಿದ್ದುದು ತಿಳಿನೀರು. ಮರಳೇ ಜರಡಿ, ಮರಳೇ ತೊಟ್ಟಿ. ಈಗ ಅಲ್ಲಿ ಬಂಡೆ ಎದ್ದಿದೆ, ಅದರ ಮೇಲೆ ನಮ್ಮ ಬೆಂಗಳೂರಿನ ಕೊಳಚೆ ನೊರೆ ಕಟ್ಟಿಕೊಂಡು ಹರಿಯುತ್ತದೆ. ದಡದ ತೋಟದವರು ಬೋರ್ ಕೊರೆಸಿಕೊಂಡಿದ್ದಾರೆ.