ದಿನಾ ಎರಡು ಹೊತ್ತು ನೀರು ಬೇಡ
"ಕುಂಡದ ಗಿಡಕ್ಕೆ ಬೆಳಗ್ಗೆ ಸಂಜೆ ತಪ್ಪದೆ ನೀರು ಹಾಕಿ, ಉಳಿದದ್ದು ತಾನಾಗಿ ಬರುತ್ತದೆ" ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ತಾರಸಿಯಲ್ಲಿ ಹೀಗೆ ಮಾಡಿಯೇ ನನ್ನ ಕರಿಬೇವು ಹೋಯಿತು. ಎಲೆ ಹಳದಿಯಾಗಿ ಜೋತಾಗ ನೀರು ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಸುರಿದೆ. ಕೊನೆಗೆ ಕುಂಡ ಬೋರಲು ಹಾಕಿ ನೋಡಿದರೆ ಬೇರುಗಳೆಲ್ಲ ಕಪ್ಪು. ಹಿಡಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು, ಕೊಳೆತ ವಾಸನೆ ಬೇರೆ. ಬೇರಿಗೂ ಗಾಳಿ ಬೇಕು ಅಲ್ವಾ? ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಗಾಳಿಗೆ ಜಾಗ ಎಲ್ಲಿ? ಅದರಲ್ಲೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ ಕುಂಡ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಪಚಪಚ ಅನ್ನುತ್ತಿರುತ್ತದೆ.

ಈಗ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡುತ್ತೇನೆ. ಮಣ್ಣು ತಣ್ಣಗೆ ಅಂಟಿಕೊಂಡರೆ ಆ ದಿನ ನೀರಿಲ್ಲ. ಏಪ್ರಿಲ್ ಬಿಸಿಲಲ್ಲಿ ಟೊಮೆಟೊಗೆ ದಿನಾ ಬೇಕು, ಅದು ನಿಜ. ಎರಡು ದಿನ ಒಣಗಿಸಿ ಆಮೇಲೆ ತುಂಬಿ ಹರಿಸಿದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ಸರಿಯಾಗಿ ತಲುಪುವುದಿಲ್ಲ, ಕಾಯಿಯ ಅಡಿ ಕಪ್ಪಾಗುತ್ತದೆ. ಹೊಸಬರು ನೀವು ಬರೆದದ್ದನ್ನು ಓದಿ ಗಿಡ ಕಳೆದುಕೊಳ್ಳಬಾರದು. ದಯವಿಟ್ಟು ಆ ಸಾಲು ತಿದ್ದಿ.