ಗಾಜಿನ ಕಪಾಟು, ಕೀಲಿಕೈ ಮತ್ತು ನನ್ನ ಅಳಿಯ

ಹೋದ ತಿಂಗಳು ನನ್ನ ಅಕ್ಕನ ಮಗ ತನ್ನ ಬಿ.ಎಸ್ಸಿ ಪ್ರಾಜೆಕ್ಟ್ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿದ. "ಮಾಮಾ, ಒಂದೀಟು ಇಂಗ್ಲಿಷ್ ತಿದ್ದಿ ಕೊಡ್ರಿ" ಅಂತ. ಹಾವೇರಿ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ವಿಷಯ ಸವಳು ಭೂಮಿ. ಇಂಗ್ಲಿಷ್ ಚೆನ್ನಾಗೇ ಇತ್ತು, ಅನುಮಾನ ಬಂದದ್ದೇ ಅದಕ್ಕೆ. ಎರಡನೇ ಪುಟದಲ್ಲಿ ನಾಲ್ಕೈದು ಶಬ್ದಗಳು ಇನ್ನೂ ನೀಲಿ ಬಣ್ಣದಲ್ಲೇ ಉಳಿದಿದ್ದವು. ಒಂದರ ಮೇಲೆ ಬೆರಳಿಟ್ಟೆ, ಸೀದಾ ವಿಕಿಪೀಡಿಯಾಕ್ಕೆ ಹೋಯಿತು. ಬೈಯಬೇಕೆಂದು ಫೋನ್ ಎತ್ತಿದವನು ಮತ್ತೆ ಇಟ್ಟೆ. ಅಂಥ ಬಯ್ಗಳ ನಾನೇ ಒಮ್ಮೆ ತಿಂದವನು.

2004ರಲ್ಲಿ ಎಂ.ಎಸ್ಸಿಗೆಂದು ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಮೊದಲ ಪ್ರಬಂಧಕ್ಕೆ ಮೂರು ಒಳ್ಳೆಯ ಪುಸ್ತಕ ಆರಿಸಿ, ಒಳ್ಳೊಳ್ಳೆಯ ಪ್ಯಾರಾಗಳನ್ನು ಹೆಕ್ಕಿ, ಕೌದಿ ಹೊಲಿದಂತೆ ಜೋಡಿಸಿದೆ. ವಾರ ಬಿಟ್ಟು ಕರೆ ಬಂತು. ಮೇಜಿನ ಮೇಲೆ ನನ್ನ ಪ್ರಬಂಧ, ಪುಟದ ತುಂಬ ಹಳದಿ ಗೆರೆ. ನನಗೆ ತಪ್ಪೇನೆಂದೇ ತಿಳಿಯಲಿಲ್ಲ. ಎಲ್ಲಾ ಸರಿ ಇದೆಯಲ್ಲ, ಬೇಕಾದರೆ ಪುಸ್ತಕ ತೆಗೆದು ನೋಡಿ ಅಂದೆ. ಎದುರು ಕೂತಿದ್ದ ಇಬ್ಬರು ಅಧ್ಯಾಪಕರೂ ಮುಖ ಮುಖ ನೋಡಿಕೊಂಡರು. ಧಾರವಾಡದಲ್ಲಿ ನನ್ನ ಉತ್ತರಪತ್ರಿಕೆ ನೋಡಿ "ಬುಕ್‌ನ್ಯಾಗ ಇದ್ದಂಗ ಬರದಾನ" ಅಂತ ಮಾಸ್ತರು ಇಡೀ ಕ್ಲಾಸಿಗೆ ತೋರಿಸಿದ್ದರು. ಅಲ್ಲಿ ಅದು ಹೊಗಳಿಕೆ, ಇಲ್ಲಿ ಕಳವು.

ಮೊದಲ ಸಲವೆಂದು ಬಿಟ್ಟರು. ಬಿಟ್ಟು, ಲೈಬ್ರರಿಗೆ ಹೋಗೆಂದರು. ನಾನು ಅದನ್ನು ಶಿಕ್ಷೆ ಅಂದುಕೊಂಡೆ.

ಲೈಬ್ರರಿಯಲ್ಲಿ ನನಗಾಗಿ ಅರ್ಧ ಗಂಟೆ ಎತ್ತಿಟ್ಟುಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದರು. ನನ್ನ ಪ್ರಬಂಧದ ಮಾತೇ ಎತ್ತಲಿಲ್ಲ. ಒಂದು ಲೇಖನ ಮುಂದಿಟ್ಟು ಓದು ಅಂದರು. ಮೊದಲ ಸಾಲಿನಿಂದ ಶುರು ಮಾಡಿದೆ, ಶಬ್ದಕ್ಕೆ ಶಬ್ದ, ಪೆನ್ಸಿಲ್ ಹಿಡಿದು. ಮೂರು ನಿಮಿಷ ನೋಡಿ ನಿಲ್ಲಿಸಿದರು. ಮೊದಲು ಸಾರಾಂಶ ಓದಬೇಕಂತೆ, ಆಮೇಲೆ ಕೊನೆಯ ಪುಟ, ಆಮೇಲೆ ಕೋಷ್ಟಕಗಳು. ಉಳಿದದ್ದು ನಿನಗೆ ಬೇಕೇ ಬೇಡವೇ ಅಂತ ಆಗ ಯೋಚಿಸು, ಬೇಡವಾದರೆ ಬಿಟ್ಟುಬಿಡು. ಬಿಟ್ಟುಬಿಡು! ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಲೇಖನ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ಏನು ಓದಿದೆಯೋ ಬರೆ ಅಂದರು. ಎರಡು ಸಾಲು ಆಗಲಿಲ್ಲ. ಬಂದ ಎರಡು ಸಾಲೂ ಲೇಖನದ್ದೇ. ಹದಿನೇಳು ವರ್ಷ ಓದಿ ಫಸ್ಟ್ ಕ್ಲಾಸ್ ತಗೊಂಡು ಬಂದಿದ್ದೆ, ಕಿವಿ ಬಿಸಿಯಾಯಿತು. ಆಕೆ ನಿನ್ನ ಭಾಷೆ ಯಾವುದು ಅಂತ ಕೇಳಿ, ಅದರಲ್ಲೇ ಬರಿ ಅಂದರು. ಕನ್ನಡದಲ್ಲಿ ಶುರು ಮಾಡಿದೆ, ಅರ್ಧ ಪುಟ ಬಂತು. ಆಕೆಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೂ ಆ ಹಾಳೆ ನೋಡಿ ತಲೆಯಾಡಿಸಿದರು. ಅದನ್ನು ಆಮೇಲೆ ಇಂಗ್ಲಿಷಿಗೆ ತಂದೆ. ಆ ಕೋರ್ಸಿನಲ್ಲಿ ನಾನು ನಿಜವಾಗಿ ಬರೆದ ಮೊದಲ ಪ್ಯಾರಾ ಅದು. ಯಾವ ಪುಸ್ತಕ, ಯಾವ ಪುಟ ಅಂತ ಕೊನೆಗೆ ನಮೂದಿಸುವುದನ್ನು ಕಲಿಯಲು ಐದು ನಿಮಿಷವೂ ಹಿಡಿಯಲಿಲ್ಲ.

ನನ್ನ ಧಾರವಾಡದ ದಿನಗಳ ಲೈಬ್ರರಿಯಲ್ಲಿ ಕಪಾಟಿಗೆಲ್ಲ ಗಾಜು, ಗಾಜಿಗೆಲ್ಲ ಕೀಲಿ. ಸ್ಲಿಪ್ಪಿನಲ್ಲಿ ನಂಬರ್ ಬರೆದು ಸಿಪಾಯಿಗೆ ಕೊಡಬೇಕು. ಹಾಗೆಂದು ಅಲ್ಲಿ ನೆರವೇ ಇರಲಿಲ್ಲ ಅಂದರೆ ತಪ್ಪಾದೀತು. ಆ ಸಿಪಾಯಿ ಕಾಕಾಗೆ ಯಾವ ಪುಸ್ತಕ ಎಲ್ಲಿದೆ ಅಂತ ಬಾಯಿಪಾಠ. "ಆ ಕೆಂಪು ರಟ್ಟಿಂದು ಒಯ್ಯಬ್ಯಾಡ ತಮ್ಮಾ, ಹಸರಂದು ತಗೋ, ಪಾಸಾದವರೆಲ್ಲಾ ಅದನ್ನ ಒಯ್ದಾರ" ಅಂತಿದ್ದ. ನಮಗಿದ್ದ ಓದಿನ ಸಲಹೆಗಾರ ಅವನೊಬ್ಬನೇ, ಅದು ಅವನ ಕೆಲಸವಾಗಿರಲಿಲ್ಲ.

ಆ ಕೀಲಿಯ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸಿನಿಂದ ಲಂಡನ್ನಿಗೆ ಬಂದು ಇಲ್ಲಿನ ಗ್ರಂಥಾಲಯಗಳನ್ನು ನೋಡಿಕೊಂಡು ಹೋದವರು. ಪುಸ್ತಕ ಇರುವುದು ಬಳಸಲಿಕ್ಕೆ, ಓದುಗನ ಸಮಯ ಉಳಿಸಬೇಕು ಅಂತ 1931ರಲ್ಲೇ ಸೂತ್ರ ಕಟ್ಟಿಕೊಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ್ದೂ ಅಲ್ಲೇ, 1962ರಲ್ಲಿ. ಇಷ್ಟು ಹತ್ತಿರ ಇದ್ದವರ ಮಾತು ನಮ್ಮ ಗಾಜಿನ ಕಪಾಟಿನ ತನಕ ಬಂದಿರಲಿಲ್ಲ.

ಊರಿಗೆ ಹೋದಾಗ ಈ ಮಾತು ತೆಗೆದರೆ ಗೆಳೆಯರ ಉತ್ತರ ಸಿದ್ಧ: ನಿಮ್ಮಲ್ಲಿ ರೊಕ್ಕ ಐತಿ, ನಮ್ಮಲ್ಲಿ ಇಲ್ಲ. ಈಗ ಇದನ್ನು ನಾನು ಒಪ್ಪುವುದಿಲ್ಲ. ಕಾಲೇಜುಗಳಿಗೆಂದು ಪುಸ್ತಕ, ನಿಯತಕಾಲಿಕೆಗಳನ್ನು ಇಂಟರ್ನೆಟ್ಟಿನಲ್ಲೇ ಓದಲು ಕೊಡುವ ಎನ್-ಲಿಸ್ಟ್ 2010ರಿಂದ ಇದೆ, ಗುಜರಾತಿನ ಗಾಂಧಿನಗರದ ಗ್ರಂಥಾಲಯ ಜಾಲ ಸಂಸ್ಥೆ ಇನ್‌ಫ್ಲಿಬ್‌ನೆಟ್ ನಡೆಸುತ್ತದೆ. ಐಐಟಿ ಖರಗಪುರದ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಗೆ ಯಾರು ಬೇಕಾದರೂ ಪುಕ್ಕಟೆ ಸೇರಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಓದಿಗೆ. ಓದುವ ಹಸಿವಿಲ್ಲ ಅನ್ನುವಂತೆಯೂ ಇಲ್ಲ. ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿ ನೋಡಿ. ಕುರ್ಚಿ, ಫ್ಯಾನು, ಚಾರ್ಜಿಂಗ್ ಪಾಯಿಂಟಿಗೆ ತಿಂಗಳ ಬಾಡಿಗೆ ಕೊಟ್ಟು ಸ್ಟಡಿ ರೂಮುಗಳಲ್ಲಿ ಹುಡುಗರು ಬೆಳತನಕ ಕೂತಿರುತ್ತಾರೆ.

ಹಾಗಾದರೆ ಇಲ್ಲದ್ದು ಯಾವುದು? ನನಗೆ ಅರ್ಧ ಗಂಟೆ ಕೊಟ್ಟ ಆ ಹೆಣ್ಣುಮಗಳ ಕುರ್ಚಿ. ನಾನಿರುವ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇದಕ್ಕೆಂದೇ 'ಮೈ ಲರ್ನಿಂಗ್ ಎಸೆನ್ಶಿಯಲ್ಸ್' ಎಂಬ ಕಾರ್ಯಕ್ರಮ ಇದೆ. ನೋಟ್ಸ್ ಹೇಗೆ ಮಾಡಿಕೊಳ್ಳಬೇಕು, ಪರೀಕ್ಷೆಗೆ ಹೇಗೆ ಓದಬೇಕು, ಸಮಯ ಹೇಗೆ ಹಂಚಿಕೊಳ್ಳಬೇಕು, ಇವನ್ನೆಲ್ಲ ಒಂದು ವಿಷಯವೆಂದೇ ಹೇಳಿಕೊಡುತ್ತಾರೆ. ನಮ್ಮಲ್ಲಿ ಗ್ರಂಥಪಾಲಕರು ಓದಿದವರೇ, ಸ್ನಾತಕೋತ್ತರ ಪದವಿ ಪಡೆದವರೇ. ಆದರೆ ಅವರ ದಿನವೆಲ್ಲ ನೋ-ಡ್ಯೂ ಸಹಿ, ಸ್ಟಾಕ್ ಲೆಕ್ಕ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಫೈಲುಗಳಲ್ಲೇ ಮುಗಿಯುತ್ತದೆ. ವಾರಕ್ಕೆ ಎರಡು ತಾಸು ಆ ಕೆಲಸದಿಂದ ಬಿಡಿಸಿ ಹುಡುಗರ ಎದುರು ಕೂಡಿಸಿದರೆ ಸಾಕು. ಇದಕ್ಕೆ ಹೊಸ ಕಟ್ಟಡವೇನೂ ಬೇಡ.

ಇಂಗ್ಲೆಂಡಿನವರೇ ಜಾಣರೆಂದು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇಲ್ಲಿನ ಹುಡುಗರು ಆ ನೆರವು ಕೇಳಿಕೊಂಡು ಹೋಗುವುದು ಹೆಚ್ಚಾಗಿ ಗಡುವಿಗೆ ಎರಡು ದಿನ ಇರುವಾಗಲೇ. ಅಕ್ಕಪಕ್ಕ ಕೂತರೂ ಒಬ್ಬರ ನೋಟ್ಸ್ ಒಬ್ಬರಿಗೆ ಕೊಡದವರನ್ನು ಬೇಕಾದಷ್ಟು ನೋಡಿದ್ದೇನೆ. ಮ್ಯಾಂಚೆಸ್ಟರಿನಲ್ಲಿ 'ಪಾಸ್' ಅಂತ ಒಂದು ವ್ಯವಸ್ಥೆ: ಸೀನಿಯರ್ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಜೂನಿಯರ್‌ಗಳ ಜೊತೆ ಕೂಡಿಸುತ್ತಾರೆ. ಇದರ ಮೂಲ 1973ರಲ್ಲಿ ಅಮೆರಿಕದ ಮಿಸೌರಿ-ಕಾನ್ಸಾಸ್ ಸಿಟಿ ವಿಶ್ವವಿದ್ಯಾಲಯದಲ್ಲಿದೆ. ಮೊದಲ ಸಲ ಕೇಳಿದಾಗ ನಗು ತಡೆಯಲಾಗಲಿಲ್ಲ. ಹಾಸ್ಟೆಲ್ ಮಾಳಿಗೆಯ ಮೇಲೆ ಗಿರಮಿಟ್ ತಿನ್ನುತ್ತ ಒಬ್ಬನಿಗೆ ತಿಳಿದದ್ದನ್ನು ಐದು ಜನಕ್ಕೆ ಹೇಳುತ್ತಿದ್ದೆವಲ್ಲ, ಅದೇ ಕಂಬೈಂಡ್ ಸ್ಟಡಿ. ಗಿರಮಿಟ್ ಒಂದಿಲ್ಲ, ಅಷ್ಟೇ.

ಅಳಿಯನ ಕಥೆಗೆ ಬರುತ್ತೇನೆ. ಆ ರಾತ್ರಿ ವಿಡಿಯೋ ಕಾಲ್ ಮಾಡಿ, ನಿಮ್ಮ ಕಾಲೇಜಿನಲ್ಲಿ ಎನ್-ಲಿಸ್ಟ್ ಲಾಗಿನ್ ಇದೆಯೇನೋ ಅಂದೆ. "ಅಂಥಾದ್ದೆಲ್ಲಾ ನಮ್ಮ ಕಾಲೇಜ್‌ನ್ಯಾಗ ಎಲ್ಲಿ ಮಾಮಾ" ಅಂದ. ಕೇಳಿ ನೋಡು ಅಂತ ಒತ್ತಾಯ ಮಾಡಿದೆ. ಮರುದಿನ ಗ್ರಂಥಪಾಲಕರ ಹತ್ತಿರ ಹೋದ. ಅವರು ಕನ್ನಡಕ ಏರಿಸಿ ಇವನನ್ನು ನೋಡಿ, "ಮೂರು ವರ್ಷದಾಗ ಕೇಳಿದಾಂವ ನೀ ಒಬ್ಬನ ನೋಡು" ಅಂತ ನಕ್ಕು, ಇದ್ದ ಕೆಲಸ ಬದಿಗಿಟ್ಟು ಹೆಸರು ಸೇರಿಸಿ, ಪಾಸ್‌ವರ್ಡನ್ನು ಒಂದು ಹಳೇ ಡ್ಯೂ-ಡೇಟ್ ಚೀಟಿಯ ಹಿಂದೆ ಬರೆದುಕೊಟ್ಟರಂತೆ. ಆ ಚೀಟಿಯ ಫೋಟೋ ನನಗೂ ಬಂತು.

ರಾತ್ರಿ ಮತ್ತೆ ಮೆಸೇಜು: "ಮಾಮಾ, ಲಾಗಿನ್ ಆತು. ಸವಳು ಅಂತ ಹುಡುಕಿದ್ರ ನಾಕ್ ಸಾವಿರ ಬಂದಾವ. ಈಗ ಏನ್ ಮಾಡ್ಲಿ?"